ರಟ್ಟು, ಹಾಳೆ, ಸಿಂಬೆ: ಮಕ್ಕಳ ರಾಕ್ಷಸ ವೇಷವನ್ನು ಮನೆಯಲ್ಲೇ ಮಾಡುವ ವಿಧಾನ



ಕೊಳೆರೋಗ, ಬೇರುಹುಳು, ಕಾಫಿಯ ಕಾಂಡಕೊರಕ, ಪೇಟೆಯ ಧಾರಣೆ ಇವುಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಮಕ್ಕಳ ವೇಷದ ವಿಷಯ ಏಕೆ ಬಂತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಶಾಲೆಯ ವಾರ್ಷಿಕೋತ್ಸವ, ಮಕ್ಕಳ ದಿನಾಚರಣೆ, ಗಣೇಶೋತ್ಸವ ಬಂತೆಂದರೆ ನಮ್ಮ ಮನೆಗಳಲ್ಲೂ ಛದ್ಮವೇಷ ಸ್ಪರ್ಧೆಯ ಗಡಿಬಿಡಿ ಇದ್ದೇ ಇರುತ್ತದೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಬಾಡಿಗೆ ಉಡುಪು ತಂದು ಹಣ ಕೊಡುತ್ತೇವೆ. ವೇಷಕ್ಕೆ ಬೇಕಾಗುವ ಸಾಮಾನುಗಳೋ ನಮ್ಮ ತೋಟದ ನೆಲದಲ್ಲಿ, ಅಟ್ಟದ ಮೇಲೆ, ಅಂಗಡಿಯ ಹಿಂಭಾಗದಲ್ಲಿ ಬಿದ್ದಿರುತ್ತವೆ. ಹಣದ ಮಾತು ಒಂದು ಕಡೆ ಇರಲಿ. ಮಗುವಿನ ಮೈ ಅಳತೆಗೆ ತಕ್ಕಂತೆ ಮಾಡದ ವೇಷದಿಂದ ಅಪಾಯವೂ ಉಂಟು. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ಹೋದ ವರ್ಷದ ಪಾಠ

ನಮ್ಮ ತೋಟ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಮಗ, ಸೊಸೆ ಮೊಮ್ಮಗನ ಓದಿಗಾಗಿ ತುಮಕೂರಿನಲ್ಲಿ, ಶಿರಾ ಗೇಟ್ ಹತ್ತಿರ ಮನೆ ಮಾಡಿದ್ದಾರೆ. ಹೋದ ವರ್ಷ ಮೊಮ್ಮಗನ ಶಾಲೆಯ ಸ್ಪರ್ಧೆಗೆಂದು ರಾಕ್ಷಸನ ಉಡುಪೊಂದನ್ನು ಬಾಡಿಗೆಗೆ ತಂದಿದ್ದೆವು. ಪ್ಲಾಸ್ಟಿಕ್ ಮುಖವಾಡ, ಕಣ್ಣಿನ ಜಾಗದಲ್ಲಿ ಗೋಲಿ ಗಾತ್ರದ ಎರಡು ತೂತು. ಆ ತೂತುಗಳು ದೊಡ್ಡವರ ಅಳತೆಗೆ ಇದ್ದವು. ಎಂಟು ವರ್ಷದ ಹುಡುಗನ ಕಣ್ಣಿಗೆ ಅವು ಸೇರುತ್ತಲೇ ಇರಲಿಲ್ಲ. ಉಡುಪಿನ ತೋಳು ಉದ್ದವಾಯಿತೆಂದು ಕೈಗಳನ್ನು ನಿಲುವಂಗಿಯೊಳಕ್ಕೆ ಸೇರಿಸಿ ಪಿನ್ನು ಹಾಕಿದೆವು. ಪಿನ್ನು ಹಾಕಿದವನು ನಾನೇ.

ಹುಡುಗನಿಗೆ ವೇದಿಕೆಯ ಮೂರನೆಯ ಮೆಟ್ಟಿಲು ಕಾಣಲಿಲ್ಲ. ಮುಗ್ಗರಿಸಿದ. ಕೈ ಊರಲು ಕೈ ಹೊರಗಿರಲಿಲ್ಲ. ತುಟಿ ಸೀಳಿ, ಮುಂದಿನ ಹಲ್ಲಿನ ಮೂಲೆ ಮುರಿಯಿತು. ತುಟಿಯ ಗಾಯ ಎಂಟು ದಿನದಲ್ಲಿ ಮಾಯ್ದಿತು. ಆದರೆ ಅಲ್ಲಿಂದಾಚೆಗೆ ವೇದಿಕೆ ಎಂದರೆ ಹುಡುಗ ಹಿಂದೆ ಸರಿಯತೊಡಗಿದ. ಪ್ರಾರ್ಥನೆ ಹಾಡಲು ಕರೆದರೂ ಹೋಗುತ್ತಿರಲಿಲ್ಲ ಎಂದು ಸೊಸೆ ಹೇಳಿದಳು. ಈ ವರ್ಷ ಸ್ಪರ್ಧೆಯ ಚೀಟಿ ಬಂದಾಗ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅವನೇ ನನ್ನ ಬಳಿ ಬಂದ.

"ತಾತ, ಕ್ರೀಪರ್ ವೇಷ ಆದ್ರೆ ಹಾಕ್ತೀನಿ."

"ಅದೇನಪ್ಪ ಕ್ರೀಪರ್ರು? ನಮ್ಮ ಕಡೆ ಕ್ರೀಪರ್ ಅಂದ್ರೆ ಮೆಣಸಿನ ಬಳ್ಳಿ ಕಣೋ."

"ಬಳ್ಳಿ ಅಲ್ಲ ತಾತ, ರಾಕ್ಷಸ. ಗೇಮಲ್ಲಿ ಬರುತ್ತೆ. ಅದಕ್ಕೆ ಕೈನೇ ಇಲ್ಲ. ಆದ್ರೆ ನಂಗೆ ಕಣ್ಣು ಕಾಣ್ಬೇಕು, ಅಷ್ಟೇ."

ಆ ಕೊನೆಯ ಮಾತನ್ನು ಷರತ್ತಿನಂತೆ ಇಟ್ಟುಕೊಂಡು ಕೆಲಸಕ್ಕೆ ಕೈ ಹಾಕಿದೆವು. ವೇಷ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಎರಡನೆಯ ಪ್ರಶ್ನೆ. ಒಳಗಿರುವ ಮಗುವಿಗೆ ಎಷ್ಟು ಕಾಣುತ್ತದೆ ಎಂಬುದು ಮೊದಲನೆಯದು.

ಈ ಕ್ರೀಪರ್ ಎಂದರೆ ಯಾರು?

ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮ್ ಸ್ವೀಡನ್ ದೇಶದಲ್ಲಿ ಹುಟ್ಟಿದ್ದು. ಮಾರ್ಕಸ್ ಪರ್ಸನ್ ಎಂಬವರು ಇದನ್ನು 2009ರಲ್ಲಿ ಮೊದಲು ಹೊರತಂದರು. ಪೂರ್ಣ ರೂಪದ ಆಟ 2011ರ ನವೆಂಬರಿನಲ್ಲಿ ಬಂತು. 2014ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ಆ ಸಂಸ್ಥೆಯನ್ನೇ 250 ಕೋಟಿ ಡಾಲರಿಗೆ ಕೊಂಡಿತು. ಆಟದ ಜಗತ್ತಿನಲ್ಲಿ ಮಣ್ಣು, ಮರ, ಕಲ್ಲು, ದನ, ಹಂದಿ ಎಲ್ಲವೂ ಚೌಕಾಕಾರದವು. ಮಕ್ಕಳು ಗುಂಡಿ ತೋಡುತ್ತಾರೆ, ಮರ ಕಡಿಯುತ್ತಾರೆ, ಮನೆ ಕಟ್ಟುತ್ತಾರೆ, ಬೇಸಾಯವನ್ನೂ ಮಾಡುತ್ತಾರೆ. ಕತ್ತಲಾದಾಗ ರಾಕ್ಷಸಗಳು ಬರುತ್ತವೆ.

ಅವುಗಳಲ್ಲಿ ಕ್ರೀಪರ್ ಒಂದು. ಹಸಿರು ಮೈ, ಚೌಕ ತಲೆ, ನಾಲ್ಕು ಗಿಡ್ಡ ಕಾಲು, ಕೈ ಇಲ್ಲ. ಸದ್ದಿಲ್ಲದೆ ಹಿಂದಿನಿಂದ ಬರುತ್ತದೆ. ಹತ್ತಿರ ಬಂದಾಗ ಹಾವಿನಂತೆ ಬುಸುಗುಟ್ಟಿ, ಒಂದೂವರೆ ಸೆಕೆಂಡಿನಲ್ಲಿ ಸಿಡಿದುಹೋಗುತ್ತದೆ. ಜೊತೆಗೆ ಮಗು ಕಷ್ಟಪಟ್ಟು ಕಟ್ಟಿದ ಮನೆಯ ಗೋಡೆಯೂ ಹಾರಿಹೋಗುತ್ತದೆ. ರಾತ್ರಿ ತೋಟಕ್ಕೆ ನುಗ್ಗಿ ಬೆಳೆದದ್ದನ್ನೆಲ್ಲ ಬುಡಮೇಲು ಮಾಡುವ ಕಾಡುಹಂದಿಯ ಕಾಟ ಬಲ್ಲ ನಮಗೆ ಇದರ ಸ್ವಭಾವ ಹೊಸದಲ್ಲ. ಕ್ರೀಪರ್ ಹುಟ್ಟಿದ್ದು ಕೂಡ ಹಂದಿಯಿಂದಲೇ. ಪರ್ಸನ್ ಅವರು ಹಂದಿಯ ಆಕಾರ ಮಾಡಲು ಹೋಗಿ ಉದ್ದದ ಅಳತೆಯನ್ನು ಎತ್ತರಕ್ಕೂ ಎತ್ತರದ ಅಳತೆಯನ್ನು ಉದ್ದಕ್ಕೂ ಹಾಕಿಬಿಟ್ಟರು. ಅಡ್ಡ ಇರಬೇಕಾದ ಪ್ರಾಣಿ ನೆಟ್ಟಗೆ ನಿಂತಿತು. ನೋಡಿದರೆ ಭಯವಾಗುವಂತಿತ್ತು. ಅದನ್ನೇ ಹಸಿರು ಮಾಡಿ ರಾಕ್ಷಸನನ್ನಾಗಿ ಉಳಿಸಿಕೊಂಡರು. ಇದಕ್ಕೆ ಬೆಕ್ಕೆಂದರೆ ಭಯ. ಮನೆಯಲ್ಲಿ ಚಿಕ್ಕ ತಂಗಿ ಇದ್ದರೆ ಅವಳಿಗೆ ಬೆಕ್ಕಿನ ವೇಷ ಹಾಕಿ ಜೊತೆಗೆ ಕಳಿಸಬಹುದು.

ಮನೆಯಲ್ಲಿ ಮಾಡಲು ಇದಕ್ಕಿಂತ ಸುಲಭದ ರಾಕ್ಷಸ ಸಿಗಲಾರದು. ಕೋರೆಹಲ್ಲಿಲ್ಲ, ಕಿರೀಟವಿಲ್ಲ, ಮೀಸೆಯಿಲ್ಲ. ಎಲ್ಲವೂ ಚೌಕ.

ನಮ್ಮ ಹಿರಿಯರ ಉಪಾಯ

ರಾಕ್ಷಸ ವೇಷ ನಮ್ಮ ಸೀಮೆಗೆ ಹೊಸತಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯನ್ನು ನಾಡಿನಾದ್ಯಂತ ಹೆಸರುವಾಸಿ ಮಾಡಿದ ಗುಬ್ಬಿ ವೀರಣ್ಣನವರು (1891–1972) ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಅಂಥ ಊರಿನ ಕಡೆಯವರಾದ ನಾವು ಒಂದು ರಟ್ಟಿನ ಪ್ರಾಣಿಗೆ ಹೆದರಬೇಕಾಗಿಲ್ಲ.

ಒಂದು ವಿಷಯ ಗಮನಿಸಿ. ನಮ್ಮ ಕಡೆಯ ಮೂಡಲಪಾಯದಲ್ಲಾಗಲಿ, ಕರಾವಳಿಯ ಯಕ್ಷಗಾನದ ಬಣ್ಣದ ವೇಷದಲ್ಲಾಗಲಿ, ರಾಕ್ಷಸ ಪಾತ್ರಧಾರಿಗೆ ಸಾಮಾನ್ಯವಾಗಿ ಮುಖಕ್ಕೇ ಬಣ್ಣ ಬರೆಯುತ್ತಾರೆ. ತೆಂಕುತಿಟ್ಟಿನಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಆದರೆ ವೇಷ ಎಷ್ಟೇ ಭಯಂಕರವಾಗಿದ್ದರೂ ಕಣ್ಣು, ಮೂಗು, ಬಾಯಿ ಬಯಲಿಗೇ ಇರುತ್ತವೆ. ಕುಣಿಯುವವನಿಗೆ ರಂಗ ಕಾಣುತ್ತದೆ, ಉಸಿರು ಆಡುತ್ತದೆ.

ಇನ್ನು ಗಾರುಡಿ ಗೊಂಬೆಯನ್ನು ನೋಡಿ. ತಟ್ಟಿರಾಯ ಎಂದೂ ಕರೆಯುವ ಈ ಗೊಂಬೆ ಬಿದಿರಿನ ತಟ್ಟಿಯ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ ಮಾಡಿದ್ದು. ಮೈಸೂರು ದಸರಾ ಮೆರವಣಿಗೆಯಲ್ಲೂ ಜಾತ್ರೆಗಳಲ್ಲೂ ನೋಡಿರುತ್ತೀರಿ. ಹತ್ತಡಿ ಎತ್ತರದ ಗೊಂಬೆ ನಮ್ಮನ್ನೇ ನೋಡುತ್ತಿದೆ ಎನ್ನಿಸುತ್ತದೆ. ನಿಜವಾಗಿ ನೋಡುತ್ತಿರುವವನು ಒಳಗಿರುವ ಮನುಷ್ಯ, ಅದೂ ಗೊಂಬೆಯ ಹೊಟ್ಟೆಯ ಬಳಿ ಬಿಟ್ಟ ಕಿಂಡಿಯಿಂದ. ಗೊಂಬೆಯ ಕಣ್ಣು ಜನರಿಗೆ, ಹೊಟ್ಟೆಯ ಕಿಂಡಿ ಕುಣಿಯುವವನಿಗೆ. ಹೋದ ವರ್ಷ ನಾವು ಮರೆತಿದ್ದು ಈ ಉಪಾಯವನ್ನೇ. ರಾಕ್ಷಸನ ಕಣ್ಣೇ ಮಗುವಿನ ಕಣ್ಣಾಗಬೇಕು ಎಂದು ಹಟ ಹಿಡಿದರೆ ವೇಷ ಕೆಡುತ್ತದೆ, ಮಗುವೂ ಬೀಳುತ್ತದೆ.

ಅಡಿಕೆ ಹಾಳೆಯೂ ವೇಷಕ್ಕೆ ಹೊಸತಲ್ಲ. ತುಳುನಾಡಿನ ರೈತರ ಮುಟ್ಟಾಳೆ ಹಾಳೆಯಿಂದಲೇ ಆಗುವುದು. ಕೇರಳದ ಪತ್ತನಂತಿಟ್ಟ ಕಡೆ ದೇವೀ ಗುಡಿಗಳಲ್ಲಿ ನಡೆಯುವ ಪಡಯಣಿಯಲ್ಲಿ ಭೈರವಿ, ಯಕ್ಷಿ ಮುಂತಾದ ಕೋಲಗಳನ್ನು ಹತ್ತಾರು ಅಡಿಕೆ ಹಾಳೆಗಳಿಂದ ಕತ್ತರಿಸಿ, ಬಣ್ಣ ಬರೆದು, ಚೌಕಟ್ಟಿಗೆ ಕಟ್ಟಿ ತಲೆಯ ಮೇಲೆ ಹೊರುತ್ತಾರೆ. ಹಗುರ, ಗಟ್ಟಿ, ಬಣ್ಣ ಹಿಡಿಯುತ್ತದೆ ಎಂಬ ಮೂರು ಗುಣಗಳಿಗಾಗಿ ಅವರು ಹಾಳೆಯನ್ನು ಆರಿಸಿಕೊಂಡರು. ನಮಗೂ ಅವೇ ಗುಣ ಸಾಕು. ಆದರೆ ಪಡಯಣಿಯ ಕೋಲವಾಗಲಿ, ನಮ್ಮ ಗ್ರಾಮದೇವತೆಗಳ ಮುಂದೆ ಕುಣಿಯುವ ಸೋಮನಾಗಲಿ ದೇವರ ಕಾರ್ಯಕ್ಕೆ ಸೇರಿದ್ದು. ಅವನ್ನು ಶಾಲೆಯ ಸ್ಪರ್ಧೆಗೆ ನಕಲು ಮಾಡುವುದು ಬೇಡ. ಹಾಳೆಯ ಕೆಲಸವನ್ನಷ್ಟೇ ಕಲಿಯೋಣ.

ಬೇಕಾಗುವ ಸಾಮಾನು

1. ರಟ್ಟಿನ ಪೆಟ್ಟಿಗೆ ಒಂದು. ಸೋಪು, ಬಿಸ್ಕತ್ತು, ಬಟ್ಟೆ ಬರುವ ಪೆಟ್ಟಿಗೆ ಉತ್ತಮ. ನಾವು ಶಿರಾ ಗೇಟ್‌ನ ದಿನಸಿ ಅಂಗಡಿಯೊಂದರಲ್ಲಿ ಕೇಳಿದೆವು, ಎರಡು ಪೆಟ್ಟಿಗೆ ಸುಮ್ಮನೆ ಕೊಟ್ಟರು.
2. ಅಗಲವಾದ ಅಡಿಕೆ ಹಾಳೆ ಐದಾರು. ಹೊಸದಾಗಿ ಬಿದ್ದದ್ದು, ಕಪ್ಪು ಬೂಷ್ಟು ಹಿಡಿಯದ್ದು.
3. ಮೈದಾ ಹಿಟ್ಟು ಒಂದು ಲೋಟ, ಹಳೆಯ ದಿನಪತ್ರಿಕೆ.
4. ಹಳೆಯ ಹತ್ತಿ ಸೀರೆ ಒಂದು, ಗೋಣಿದಾರ, ದಬ್ಬಳ.
5. ಸಸಿಮಡಿಗೆ ಕಟ್ಟುವ ನೆರಳು ಬಲೆಯ ಕಪ್ಪು ತುಂಡು, ಒಂದು ಗೇಣಿನಷ್ಟು. ಬಳಸದ ಹೊಸ ತುಂಡಾಗಿರಲಿ.
6. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ: ಹಸಿರು, ಬಿಳಿ, ಕಪ್ಪು. ಅಗಲವಾದ ಕುಂಚ ಒಂದು.
7. ಸ್ಕೇಲು, ಪೆನ್ಸಿಲು, ಚಾಕು, ಉಪ್ಪುಕಾಗದ.

ನಮಗೆ ದುಡ್ಡು ಕೊಟ್ಟು ತರಬೇಕಾದದ್ದು ಬಣ್ಣ ಮತ್ತು ಕುಂಚ ಮಾತ್ರ.

ಬಳಸಬಾರದವು

ನಮ್ಮಂಥ ಬೆಳೆಗಾರರ ಮನೆಗೆ ಈ ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಬಂದ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ, ಎಷ್ಟೇ ಒರೆಸಿದ್ದರೂ ಮಗುವಿನ ತಲೆಗೆ ಬೇಡ. ರಟ್ಟು ಔಷಧವನ್ನು ಹೀರಿಕೊಂಡಿರುತ್ತದೆ. ಮಗುವಿನ ಬೆವರು, ಉಸಿರು ತಾಗಿದಾಗ ಅದು ಹೊರಬರುತ್ತದೆ. ಗೊಬ್ಬರದ ಚೀಲವೂ ಬೇಡ. ಔಷಧಿ ಹೊಡೆಯುವಾಗ ಮೂಗಿಗೆ ಕಟ್ಟಿಕೊಂಡ ಬಟ್ಟೆ, ಹಾಕಿಕೊಂಡ ಹಳೆಯ ಅಂಗಿ ಇವನ್ನೂ ವೇಷಕ್ಕೆ ತರಬಾರದು.

ಎರಡನೆಯದು ಮೈಲುತುತ್ತ. ಹುಳು ತಿನ್ನದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವ ಅಭ್ಯಾಸ ಹಿಂದಿನಿಂದ ಉಂಟು. ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲೇ ಇರುತ್ತದೆ. ಪುಸ್ತಕದ ರಟ್ಟಿಗಾದರೆ ಸರಿ, ಮಗುವಿನ ಮೂಗು ಬಾಯಿಯ ಹತ್ತಿರ ಬರುವ ವೇಷಕ್ಕೆ ಅದು ವಿಷ. ಅಂಟು ಒಂದು ವಾರ ಬಾಳಿದರೆ ಸಾಕು, ಬರೀ ಮೈದಾ ಇರಲಿ.

ಮೂರನೆಯದು ಎಣ್ಣೆ ಬಣ್ಣ. ಬಾಗಿಲು ಕಿಟಕಿಗೆ ಬಳಿಯುವ ಬಣ್ಣ ಮಿರುಗುತ್ತದೆ ನಿಜ. ಆದರೆ ಟಿನ್ನರ್ ವಾಸನೆ ದಿನಗಟ್ಟಲೆ ಹೋಗುವುದಿಲ್ಲ. ಪೆಟ್ಟಿಗೆಯೊಳಗೆ ತಲೆಯಿಟ್ಟ ಮಗುವಿಗೆ ತಲೆಸುತ್ತು ಬರಬಹುದು.

ತಲೆಪೆಟ್ಟಿಗೆ

ಕೆಳಗಿನ ಅಳತೆ ಎಂಟು, ಒಂಬತ್ತು ವರ್ಷದ ಮಗುವಿಗೆ. ಪೆಟ್ಟಿಗೆಯ ಮುಂಭಾಗ 32 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರ. ಆಟದಲ್ಲಿ ಕ್ರೀಪರ್ ತಲೆ ಎಲ್ಲ ಕಡೆಯೂ ಸಮ. ನಾವು ಮಾತ್ರ ಹಿಂದು ಮುಂದಿನ ಆಳವನ್ನು 24 ಸೆಂ.ಮೀ. ಇಟ್ಟೆವು. ಆಳ ಕಡಿಮೆಯಾದರೆ ಮಗುವಿನ ಮುಖ ಕಿಂಡಿಗೆ ಹತ್ತಿರ ಬರುತ್ತದೆ, ಹೆಚ್ಚು ಕಾಣುತ್ತದೆ. ವೇದಿಕೆಯ ಕೆಳಗೆ ಕುಳಿತವರು ಆಳ ಅಳೆಯುವುದಿಲ್ಲ. ಪೆಟ್ಟಿಗೆಯ ತಳ ಪೂರ್ತಿ ತೆರೆದಿರಬೇಕು.

ಮುಂಭಾಗಕ್ಕೆ 4 ಸೆಂ.ಮೀ.ಗೊಂದರಂತೆ ಅಡ್ಡ, ಉದ್ದ ಗೆರೆ ಎಳೆಯಿರಿ. ಎಂಟು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 64 ಮನೆ. ಚೌಕಾಬಾರದ ಮನೆಯಂತೆ ಎಣಿಸುತ್ತಾ ಹೋಗಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಣಿಕೆ.

ಒಂದನೆಯ, ಎರಡನೆಯ ಸಾಲು: ಎಲ್ಲ ಹಸಿರು.
ಮೂರನೆಯ, ನಾಲ್ಕನೆಯ ಸಾಲು: 2, 3, 6, 7ನೆಯ ಮನೆ ಕಪ್ಪು. ಇವು ರಾಕ್ಷಸನ ಕಣ್ಣು.
ಐದನೆಯ ಸಾಲು: 4, 5ನೆಯ ಮನೆ ಕಪ್ಪು.
ಆರನೆಯ, ಏಳನೆಯ ಸಾಲು: 3, 4, 5, 6ನೆಯ ಮನೆ ಕಪ್ಪು.
ಎಂಟನೆಯ ಸಾಲು: 3 ಮತ್ತು 6ನೆಯ ಮನೆ ಕಪ್ಪು. ಐದರಿಂದ ಎಂಟರವರೆಗಿನ ಕಪ್ಪು ಸೇರಿ ಬಾಯಿ.

ಒಟ್ಟು ಕಪ್ಪು 20 ಮನೆ, ಹಸಿರು 44 ಮನೆ. ಈ ಲೆಕ್ಕ ತಪ್ಪದಿದ್ದರೆ ಆಟ ಬಲ್ಲ ಯಾವ ಮಗುವೂ ದೂರದಿಂದಲೇ ಗುರುತು ಹಿಡಿಯುತ್ತದೆ.

ಈಗ ಮುಖ್ಯ ಮಾತು. ರಾಕ್ಷಸನ ಎರಡು ಕಣ್ಣುಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 16 ಸೆಂ.ಮೀ. ಅಂತರ. ಮಗುವಿನ ಕಣ್ಣುಗಳ ಅಂತರವೋ 5, 6 ಸೆಂ.ಮೀ. ಮಾತ್ರ. ರಾಕ್ಷಸನ ಕಣ್ಣನ್ನು ಕೊರೆದರೆ ಮಗುವಿಗೆ ಎದುರು ಕಾಣುವುದು ಬರೀ ರಟ್ಟು. ಆದ್ದರಿಂದ ಕಣ್ಣನ್ನು ಕೊರೆಯಬೇಡಿ, ಕಪ್ಪು ಬಣ್ಣ ಬಳಿದು ಬಿಡಿ. ಕೊರೆಯಬೇಕಾದದ್ದು ಬಾಯಿಯನ್ನು. ಐದು, ಆರು, ಏಳನೆಯ ಸಾಲಿನ ಹತ್ತು ಕಪ್ಪು ಮನೆಗಳನ್ನು ಚಾಕುವಿನಿಂದ ಕೊರೆದು ತೆಗೆಯಿರಿ. ಎಂಟನೆಯ ಸಾಲಿನ ಎರಡು ಮನೆಗಳನ್ನು ಕೊರೆದರೆ ಅಂಚು ಬಲ ಕಳೆದುಕೊಳ್ಳುತ್ತದೆ, ಅವಕ್ಕೆ ಬಣ್ಣ ಸಾಕು. ಕೊರೆದ ಕಿಂಡಿಗೆ ಒಳಗಿನಿಂದ ಕಪ್ಪು ನೆರಳು ಬಲೆಯನ್ನು ಒಂದೇ ಪದರ ಅಂಟಿಸಿ. ಹೊರಗಿನವರಿಗೆ ಕಪ್ಪು ಬಾಯಿ ಕಾಣುತ್ತದೆ. ಒಳಗಿನ ಮಗುವಿಗೆ ಹೊರಗಿನ ಬೆಳಕೆಲ್ಲ ಕಾಣುತ್ತದೆ, ಗಾಳಿಯೂ ಆಡುತ್ತದೆ.

ಮಗುವಿನ ಕಣ್ಣು ಸರಿಯಾಗಿ ಬಾಯಿಗೆ ಬರಬೇಕಾದರೆ ಪೆಟ್ಟಿಗೆಯನ್ನು ತಲೆಯಿಂದ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಇದಕ್ಕೆ ಸಿಂಬೆ. ನೀರಿನ ಕೊಡ, ಅಡಿಕೆ ಬುಟ್ಟಿ ಹೊರುವಾಗ ನಮ್ಮ ಹೆಣ್ಣುಮಕ್ಕಳು ತಲೆಗೆ ಇಟ್ಟುಕೊಳ್ಳುವ ಸಿಂಬೆಯೇ, ಸ್ವಲ್ಪ ಎತ್ತರದ್ದು. ಮಗುವನ್ನು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಕಣ್ಣಿನ ಮಟ್ಟಕ್ಕೆ ಎಷ್ಟಿದೆ ಅಳೆಯಿರಿ. ಆ ಅಳತೆಯನ್ನು 21ರಿಂದ ಕಳೆಯಿರಿ. ಉಳಿದದ್ದೇ ಸಿಂಬೆಯ ಎತ್ತರ. ನಮ್ಮ ಹುಡುಗನಿಗೆ ನೆತ್ತಿಯಿಂದ ಕಣ್ಣಿಗೆ 11 ಸೆಂ.ಮೀ. ಇತ್ತು, ಸಿಂಬೆ 10 ಸೆಂ.ಮೀ. ಆಯಿತು. ಹತ್ತಿ ಸೀರೆಯನ್ನು ಬಿಗಿಯಾಗಿ ಸುತ್ತಿ, ಹೊಲಿದು, ಪೆಟ್ಟಿಗೆಯ ಮೇಲ್ಭಾಗಕ್ಕೆ ಒಳಗಿನಿಂದ ದಬ್ಬಳದಿಂದ ಹಾಕಿ ಕಟ್ಟಬೇಕು. ಹಾಗೆ ಮಾಡಿದಾಗ ಕಣ್ಣು, ಮೂಗು ಎರಡೂ ಕಿಂಡಿಯ ಎದುರಿಗೆ ಬಂದವು. ಪೆಟ್ಟಿಗೆಯ ಕೆಳ ಅಂಚು ಗದ್ದದ ಮಟ್ಟಕ್ಕೆ ನಿಂತಿತು, ಭುಜಕ್ಕೆ ತಾಗಲಿಲ್ಲ.

ಪೆಟ್ಟಿಗೆ ಅಲುಗಾಡದಂತೆ, ಮೂರು ಬೆರಳು ಅಗಲದ ಹಾಳೆಯ ಪಟ್ಟಿಯೊಂದನ್ನು ಬಟ್ಟೆ ಸುತ್ತಿ, ಕಿವಿಯ ಮೇಲೆ ಬರುವಂತೆ ತಲೆಯ ಸುತ್ತಳತೆಗೆ ಬಳೆಯಾಗಿ ಹೊಲಿಯಿರಿ. ಅದರಿಂದ ಪೆಟ್ಟಿಗೆಯ ನಾಲ್ಕು ಗೋಡೆಗೆ ನಾಲ್ಕು ಬಟ್ಟೆಯ ಪಟ್ಟಿ ಎಳೆದು ಕಟ್ಟಿ. ಕುತ್ತಿಗೆಗೆ, ಗದ್ದಕ್ಕೆ ದಾರ ಕಟ್ಟಬಾರದು. ಬೇಡವೆನಿಸಿದ ಕ್ಷಣ ಮಗು ಎರಡು ಕೈಯಿಂದ ತಾನೇ ಪೆಟ್ಟಿಗೆ ಎತ್ತಿ ತೆಗೆಯುವಂತಿರಬೇಕು. ಹಿಂಭಾಗದಲ್ಲಿ ಕತ್ತಿನ ಹತ್ತಿರ ಅಂಗೈ ಅಗಲದ ಕಿಂಡಿ ಬಿಟ್ಟರೆ ಬಿಸಿ ಗಾಳಿ ಹೊರಹೋಗುತ್ತದೆ. ಎಲ್ಲ ಮುಗಿದ ಮೇಲೆ ತಕ್ಕಡಿಗೆ ಹಾಕಿ. ಮುಕ್ಕಾಲು ಕಿಲೋ ಮೀರಬಾರದು. ನಮ್ಮದು 650 ಗ್ರಾಂ ಬಂತು.

ಹಾಳೆಯ ಮೈ

ಮೈಗೆ ಎದುರಿಗೊಂದು, ಬೆನ್ನಿಗೊಂದು ಹಲಗೆ. ಒಂದೊಂದೂ 32 ಸೆಂ.ಮೀ. ಅಗಲ, 48 ಸೆಂ.ಮೀ. ಉದ್ದ. ಆಟದಲ್ಲೂ ಕ್ರೀಪರ್ ಮೈ ಎಂಟು ಮನೆ ಅಗಲ, ಹನ್ನೆರಡು ಮನೆ ಎತ್ತರ, ಆದ್ದರಿಂದ ತಲೆಗೂ ಮೈಗೂ ಹೊಂದುತ್ತದೆ. ರಟ್ಟಿನಿಂದಲೂ ಮಾಡಬಹುದು. ಆದರೆ ಬೆವರು ತಾಗಿದರೆ ರಟ್ಟು ಮೆತ್ತಗಾಗುತ್ತದೆ, ಹಾಳೆ ಆಗುವುದಿಲ್ಲ. ಮುಂದಿನ ವರ್ಷಕ್ಕೂ ಉಳಿಯುತ್ತದೆ.

ಹಾಳೆಯನ್ನು ತೊಳೆದು ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಒಣಹಾಳೆಯನ್ನು ಹಾಗೇ ಬಿಡಿಸಲು ಹೋದರೆ ಉದ್ದುದ್ದ ಸೀಳುತ್ತದೆ. ನೆಂದ ಹಾಳೆ ಚರ್ಮದಂತೆ ಬಾಗುತ್ತದೆ. ತಟ್ಟೆ ಮಾಡುವವರು ಯಂತ್ರಕ್ಕೆ ಹಾಕುವ ಮೊದಲು ನೆನೆಸುವುದು ಇದಕ್ಕೇ. ನೀರು ಒರೆಸಿ, ಹಾಸುಗಲ್ಲಿನ ಮೇಲೆ ಒಂದರ ಮೇಲೊಂದು ಹರಡಿ, ನಡುನಡುವೆ ಪತ್ರಿಕೆ ಕಾಗದ ಇಟ್ಟು, ಮೇಲೆ ಹಲಗೆ ಹಾಕಿ ಭಾರ ಹೇರಿ. ಎರಡು ದಿನ ನೆರಳಿನಲ್ಲೇ ಇರಲಿ, ಕಾಗದ ಒದ್ದೆಯಾದರೆ ಬದಲಿಸಿ. ಅವಸರಕ್ಕೆ ಬಿಸಿಲಿಗೆ ಹಾಕಿದರೆ ಮತ್ತೆ ಸುರುಳಿ ಸುತ್ತುತ್ತದೆ. ಮೊದಲ ಸಲ ನಾನೇ ಹೀಗೆ ಮಾಡಿ ಎರಡು ಹಾಳೆ ಒಲೆಗೆ ಹೋದವು.

ಚಪ್ಪಟೆಯಾದ ಎರಡು ಹಾಳೆಗಳನ್ನು ಎರಡು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ, ಗೋಣಿದಾರದಿಂದ ಹೊಲಿದು, ಅಳತೆಗೆ ಕತ್ತರಿಸಿ. ಹಾಳೆಯ ಕೊಯ್ದ ಅಂಚು ಚರ್ಮ ಗೀರುತ್ತದೆ. ಸುತ್ತಲೂ ಬಟ್ಟೆಯ ಪಟ್ಟಿ ಮಡಚಿ ಹೊಲಿಯಲೇಬೇಕು. ಕತ್ತಿನ ಭಾಗವನ್ನು ಸ್ವಲ್ಪ ಇಳಿಸಿ ಕತ್ತರಿಸಿ. ಭುಜಕ್ಕೆ ಅಗಲವಾದ ಎರಡು ಬಟ್ಟೆಯ ಪಟ್ಟಿ ಹೊಲಿದು, ಎದುರು ಹಲಗೆ, ಬೆನ್ನು ಹಲಗೆ ಎರಡನ್ನೂ ತೂಗುಹಾಕಿ. ಪಕ್ಕಗಳು ತೆರೆದೇ ಇರಲಿ. ಕೆಳ ಅಂಚು ಮೊಣಕಾಲಿನಿಂದ ಮೇಲೆಯೇ ನಿಲ್ಲಬೇಕು, ಇಲ್ಲದಿದ್ದರೆ ಮೆಟ್ಟಿಲು ಹತ್ತಲಾಗದು.

ಕ್ರೀಪರ್‌ಗೆ ಕೈ ಇಲ್ಲವೆಂದು ಮಗುವಿನ ಕೈಯನ್ನು ಒಳಗೆ ಸೇರಿಸಿ ಕಟ್ಟಬೇಡಿ. ಹಸಿರು ಅಥವಾ ಕಪ್ಪು ತುಂಬುತೋಳಿನ ಅಂಗಿ ಹಾಕಿಸಿ, ಕೈ ಪಕ್ಕಕ್ಕೆ ಇಳಿಬಿಟ್ಟು ನಿಲ್ಲಲು ಹೇಳಿದರೆ ಸಾಕು. ಬೀಳುವ ಹೊತ್ತಿಗೆ ಕೈ ಬೇಕಾಗುತ್ತದೆ. ಈ ಮಾತನ್ನು ನಾನು ದುಬಾರಿ ಬೆಲೆ ಕೊಟ್ಟು ಕಲಿತೆ.

ಕಾಲಿಗೆ ಪೆಟ್ಟಿಗೆ ಕಟ್ಟುವುದೂ ಬೇಡ. ಹಾಳೆಯ ಎರಡು ಚೌಕ ತುಂಡುಗಳನ್ನು ಹಸಿರು ಬಳಿದು ಶೂ ಮೇಲೆ, ದಾರಕ್ಕೆ ಸೇರಿಸಿ ಕಟ್ಟಿದರೆ ಪಾದದಂತೆ ಕಾಣುತ್ತದೆ. ಅಂಗಾಲಿನ ಕೆಳಗೆ ಏನೂ ಬರಬಾರದು. ಹಿಂದಿನ ಎರಡು ಕಾಲನ್ನು ಬೆನ್ನು ಹಲಗೆಯ ಕೆಳಭಾಗದಲ್ಲಿ ಚಿತ್ರ ಬರೆದರಾಯಿತು.

ಅಂಟು ಮತ್ತು ಬಣ್ಣ

ಒಂದು ಲೋಟ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ನಾಲ್ಕೈದು ಲೋಟ ನೀರು ಸೇರುವಂತೆ ಮಾಡಿ, ಸಣ್ಣ ಉರಿಯಲ್ಲಿ ಕೈಬಿಡದೆ ಗೊಟಾಯಿಸಿ. ಬಿಳಿ ಬಣ್ಣ ಹೋಗಿ ಗಂಜಿಯಂತೆ ಪಾರದರ್ಶಕವಾದಾಗ ಇಳಿಸಿ. ಎರಡು ದಿನದೊಳಗೆ ಬಳಸಬೇಕು.

ಹಾಳೆ ನುಣುಪಾಗಿರುವುದರಿಂದ ಬಣ್ಣ ನೇರವಾಗಿ ನಿಲ್ಲುವುದಿಲ್ಲ. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಅಂಟು ಹಚ್ಚಿ, ಪತ್ರಿಕೆ ಕಾಗದದ ಒಂದು ಪದರ ಮೆತ್ತಿ ಒಣಗಿಸಿ. ಅದರ ಮೇಲೆ ಬಣ್ಣ. ಮೊದಲು ಎಲ್ಲಕ್ಕೂ ನಡು ಹಸಿರು ಬಳಿಯಿರಿ. ಒಣಗಿದ ಮೇಲೆ ಬಿಳಿ ಬೆರೆಸಿದ ತಿಳಿ ಹಸಿರು, ಕಪ್ಪು ಬೆರೆಸಿದ ಗಾಢ ಹಸಿರು ಎರಡನ್ನೂ ಅಲ್ಲಲ್ಲಿ ಚೌಕ ಚೌಕವಾಗಿ ಒತ್ತಿ. ಆಲೂಗಡ್ಡೆಯನ್ನು 4 ಸೆಂ.ಮೀ. ಚೌಕಕ್ಕೆ ಕೊಯ್ದರೆ ಒಳ್ಳೆಯ ಅಚ್ಚಾಗುತ್ತದೆ. ಈ ಕೆಲಸವನ್ನು ಮಗುವಿಗೇ ಬಿಡಿ. ಯಾವ ಚೌಕ ಎಲ್ಲಿ ಬರಬೇಕೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾನು ಒತ್ತಿದ ಎರಡು ಚೌಕವನ್ನು ನಮ್ಮ ಹುಡುಗ "ಹಂಗಲ್ಲ ತಾತ" ಎಂದು ಅಳಿಸಿ ಮತ್ತೆ ಒತ್ತಿದ.

ಹಸಿರು ಬೇಡದ ರಾಕ್ಷಸ ಮಾಡುವವರಿಗೆ ಇನ್ನೊಂದು ಮಾತು. ಅಡಿಕೆ ಬೇಯಿಸಿದ ಚೊಗರು ಹಾಳೆಗೆ ಕೆಂಪು ಮಿಶ್ರಿತ ಕಂದು ಬಣ್ಣ ಕೊಡುತ್ತದೆ. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರು ಗಟ್ಟಿ ಕಾಫಿ ಡಿಕಾಕ್ಷನ್ ಬಳಿದು ಕಾಗದಕ್ಕೆ ಹಳೆಯ ಮರದ ಬಣ್ಣ ಬರಿಸಬಹುದು. ಎರಡೂ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ ಎಂಬುದು ನೆನಪಿರಲಿ.

ಮನೆಯಲ್ಲೇ ಪರೀಕ್ಷೆ

ಕಾರ್ಯಕ್ರಮದ ದಿನವೇ ಮೊದಲ ಬಾರಿ ವೇಷ ಹಾಕಿಸಬೇಡಿ. ಎರಡು ದಿನ ಮೊದಲು ಮೂರು ಪರೀಕ್ಷೆ ಮಾಡಿ.

ಒಂದು: ಅಂಗಳದಲ್ಲಿ ಹತ್ತು ಗೋಟು ಅಡಿಕೆ ಚೆಲ್ಲಿ, ಒಂದನ್ನೂ ತುಳಿಯದೆ ಆಚೆ ಬದಿಗೆ ನಡೆಯಲು ಹೇಳಿ. ತುಳಿದರೆ ಸಿಂಬೆಯ ಎತ್ತರ ತಪ್ಪಿದೆ ಎಂದರ್ಥ. ನಮ್ಮ ಹುಡುಗ ಮೊದಲ ಸಲ ನಾಲ್ಕು ತುಳಿದ. ಸಿಂಬೆ ಒತ್ತಿಕೊಂಡು ಗಿಡ್ಡವಾಗಿತ್ತು. ಇನ್ನೆರಡು ಸುತ್ತು ಬಟ್ಟೆ ಸೇರಿಸಿದ ಮೇಲೆ ಒಂದನ್ನೂ ತುಳಿಯಲಿಲ್ಲ.

ಎರಡು: ಮನೆಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿಯಲಿ, ನೀವು ಪಕ್ಕದಲ್ಲಿರಿ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಮೂರು: ಹತ್ತು ನಿಮಿಷ ವೇಷದಲ್ಲೇ ಇದ್ದು ತೆಗೆದಾಗ ಮುಖ ಕೆಂಪಾಗಿ ಬೆವರು ಸುರಿಯುತ್ತಿದ್ದರೆ ಹಿಂಭಾಗದ ಕಿಂಡಿಯನ್ನು ದೊಡ್ಡದು ಮಾಡಿ. ಸರದಿ ಬರುವವರೆಗೆ ತಲೆಪೆಟ್ಟಿಗೆ ಕಂಕುಳಲ್ಲಿರಲಿ, ತಲೆಯ ಮೇಲೆ ಬೇಡ.

ಒಣಹಾಳೆ, ರಟ್ಟು, ಬಟ್ಟೆ ಮೂರೂ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತವೆ. ದೀಪ, ಕರ್ಪೂರದ ಆರತಿ, ಪಟಾಕಿ ಇರುವ ಕಡೆ ವೇಷ ಹಾಕಿದ ಮಗುವನ್ನು ನಿಲ್ಲಿಸಬಾರದು. ಸಿಡಿಯುವ ರಾಕ್ಷಸನೆಂದು ಮೈಗೆ ಮಿಣುಕು ದೀಪದ ತಂತಿ ಸುತ್ತುವುದೂ ಬೇಡ. ಬಾಯಲ್ಲಿ ಬುಸ್ ಎಂದರೆ ಸಾಕು.

ಈ ವರ್ಷ

ಸ್ಪರ್ಧೆಯ ದಿನ ನಾನು ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದೆ. ಹೆಸರು ಕರೆದಾಗ ಹುಡುಗ ಪೆಟ್ಟಿಗೆಯನ್ನು ತಾನೇ ತಲೆಗೇರಿಸಿಕೊಂಡ. ಮೊದಲ ಮೆಟ್ಟಿಲಲ್ಲಿ ನಿಂತ. ನಾನು ಕೈ ಚಾಚಿದೆ. "ಬೇಡ ತಾತ, ಕಾಣ್ತೈತೆ" ಎಂದು ಒಳಗಿನಿಂದ ದನಿ ಬಂತು. ಒಂದೊಂದೇ ಮೆಟ್ಟಿಲು ಹತ್ತಿದ. ನಡುವೆ ಬಂದು ನಿಂತು ಬುಸ್ ಎಂದಾಗ ಮುಂದಿನ ಸಾಲಿನ ಮಕ್ಕಳೆಲ್ಲ "ಕ್ರೀಪರ್, ಕ್ರೀಪರ್" ಎಂದು ಕೂಗಿ ಹಿಂದಕ್ಕೆ ಸರಿದರು. ಬಹುಮಾನ ಒನಕೆ ಓಬವ್ವನ ವೇಷ ಹಾಕಿದ್ದ ಹುಡುಗಿಗೆ ಹೋಯಿತು, ಅವಳು ಅದಕ್ಕೆ ಅರ್ಹಳೇ ಆಗಿದ್ದಳು. ನಮ್ಮವನು ಮೆಟ್ಟಿಲಿಳಿದು ಬಂದು ಪೆಟ್ಟಿಗೆ ತೆಗೆದಾಗ ನಗುತ್ತಿದ್ದ. ಮುರಿದ ಹಲ್ಲಿನ ಮೂಲೆ ಕಾಣುತ್ತಿತ್ತು.

ಈಗ ತಲೆಪೆಟ್ಟಿಗೆ ಶಿರಾ ಗೇಟ್ ಮನೆಯ ಬೀರುವಿನ ಮೇಲಿದೆ. ಹಾಳೆಯ ಹಲಗೆಗಳನ್ನು ಬೇವಿನ ಸೊಪ್ಪಿನ ಜೊತೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೇವೆ. ಪಕ್ಕದ ಮನೆಯ ಮಗು ಮುಂದಿನ ವರ್ಷಕ್ಕೆ ಕೇಳಿದೆ. ಸಿಂಬೆಯನ್ನು ಮಾತ್ರ ಬಿಚ್ಚಿ, ಆ ಮಗುವಿನ ಅಳತೆಗೆ ಹೊಸದಾಗಿ ಸುತ್ತಿ ಕೊಡಬೇಕು. ಒಬ್ಬರ ಅಳತೆಯ ಕಿಂಡಿಯಿಂದ ಇನ್ನೊಬ್ಬರು ನೋಡಲಾಗದು.

ಸದಸ್ಯರು ತಮ್ಮ ಮನೆಗಳಲ್ಲಿ ಹಾಳೆಯಿಂದ ಬೇರೆ ವೇಷಗಳನ್ನು ಮಾಡಿದ್ದರೆ ಅಳತೆಗಳ ಸಹಿತ ಬರೆದು ತಿಳಿಸಬೇಕೆಂದು ಕೋರಿಕೆ.